ಅಜ್ಜಯ್ಯನ ಮುಖ ತೊಳೆಯುವ ಭೂತಮ್ಮ

ಈಗಷ್ಟೇ ಬೆಳಕು ಹರಿಯುತ್ತಿದೆ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯ ಬಾಳೇಗುಡ್ಡ ಗೇಟ್‌ನಲ್ಲಿ ಭೂತಮ್ಮ ಬಿದಿರಿನ ಏಣಿ ಹತ್ತಿ, ಗವಿ ಅಜ್ಜಯ್ಯನ ಕೆನ್ನೆಯನ್ನು ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದಾರೆ. ಕಪ್ಪು ಕಲೆ ಜಪ್ಪಯ್ಯ ಅನ್ನುವುದಿಲ್ಲ. ಕೆಳಗೆ ಕಾವಲಿನ ಪೇದೆ ಆಕಳಿಸುತ್ತಿದ್ದಾನೆ.

ಐವತ್ತೆಂಟರ ಭೂತಮ್ಮ ಪಂಚಾಯಿತಿಯ ಕಸ ಗುಡಿಸುವವರು. ದಿನಕ್ಕೆ ಎರಡು ಬೀದಿ, ಒಂದು ಬಸ್ ನಿಲ್ದಾಣ, ಆಮೇಲೆ ಈ ಒಂಬತ್ತು ಅಡಿಯ ಸಿಮೆಂಟ್ ಪ್ರತಿಮೆಗೆ ಆರು ಬಕೆಟ್ ನೀರು. ನೂರು ವರ್ಷದ ಹಿಂದೆ ಇಲ್ಲಿ ಬದುಕಿದ್ದ ಸಂತ ಅಜ್ಜಯ್ಯನನ್ನು ಹೊಸ ಕಾಲದ ಶಿಲ್ಪಿ ಬರೀ ಗೀರುಗಳಲ್ಲಿ ಮೂಡಿಸಿದ್ದಾನೆ. ಕಣ್ಣಿಲ್ಲ, ಜಟೆಯಿಲ್ಲ. ಊರು ಎರಡು ಪಾಲಾಯಿತು. ಕೆಲವರು ಹಾರ ಹಾಕಿದರು, ಕೆಲವರು ಸಗಣಿ ಎಸೆದರು. ಎರಡನ್ನೂ ತೆಗೆದವರು ಭೂತಮ್ಮ.

ಕಳೆದ ತಿಂಗಳ ಒಂದು ಸೋಮವಾರ, ತೊಳೆದಾದ ಮೇಲೆ, ಅಜ್ಜಯ್ಯನ ಮುಖ ಬಿಸಿಲಿಗೆ ಬಿರಿದದ್ದು ಕಂಡು ಇವರಿಗೆ ಸಂಕಟವಾಯಿತು. ಊರಿನ ಕಲ್ಲುದೇವರಿಗೆ ಹಚ್ಚುವ ಹಾಗೇ ಅಂಗೈ ತುಂಬ ಕೊಬ್ಬರಿ ಎಣ್ಣೆ ಹಚ್ಚಿದರು. ಸಿಮೆಂಟು ಎಣ್ಣೆ ಕುಡಿದು ಕಪ್ಪಗಾಯಿತು. ಎಂಟು ಗಂಟೆಗೆಲ್ಲ 'ಅಜ್ಜಯ್ಯನ ಮುಖಕ್ಕೆ ಮಸಿ' ಎಂಬ ಫೋಟೊ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಅಂಗಡಿ ಮುಚ್ಚಿದವು, ಬಸ್ಸಿನ ಗಾಜು ಒಡೆಯಿತು. ಪ್ರತಿಮೆ ಇಳಿಸಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದ ಆಟೊ ಚಾಲಕ ಜುಂಜೇಶ್‌ನನ್ನು ಪೊಲೀಸರು ಹಿಡಿದರು. ಅವನು ಜೈಲು ಸೇರಿ ಇಪ್ಪತ್ತಮೂರು ದಿನ.

"ಠಾಣೆಗೆ ಮೂರು ಸಲ ಹೋದೆ ಕಣ್ರೀ. ಹಚ್ಚಿದ್ದು ನಾನು, ಜುಂಜೇಶನ್ನ ಬುಡಿ ಅಂದೆ. ಮುದುಕಿಗ್ಯಾಕೆ ಇದೆಲ್ಲ, ಮನೆಗೋಗು ಅಂದ್ರು."

ಭೂತಮ್ಮನ ಸತ್ಯ ಯಾರಿಗೂ ಬೇಡ. ಹಾರದವರಿಗೆ ಬೈಯಲು ಒಬ್ಬ ಪಾಪಿ ಬೇಕು. ಸಗಣಿಯವರಿಗೆ ಜನರೇ ಮಸಿ ಬಳಿದರು ಎಂಬ ಹೆಮ್ಮೆ ಬೇಕು. ನನಗೂ ನಾಚಿಕೆಯಾಗುತ್ತದೆ. ಆ ಫೋಟೊವನ್ನು ನಾನೂ ಎರಡು ಗುಂಪಿಗೆ ಕಳಿಸಿದ್ದೆ.

ಭೂತಮ್ಮ ನನ್ನನ್ನು ಏಣಿ ಹತ್ತಿಸಿ, ಮೂಸಿ ನೋಡಲು ಹೇಳುತ್ತಾರೆ. ಸೋಪಿನ ವಾಸನೆಯ ಹಿಂದೆ ಸಣ್ಣಗೆ ಕೊಬ್ಬರಿ ಎಣ್ಣೆಯ ಕಮಟು. ಇಷ್ಟು ದಿನದಲ್ಲಿ ಬೇರೆ ಯಾರೂ ಹತ್ತಿಲ್ಲವಂತೆ. ತಿಂಗಳೊಳಗೆ ಕಲೆ ಹೋಗದಿದ್ದರೆ ಕೆಲಸ ಬಿಡಬೇಕೆಂದು ಪಂಚಾಯಿತಿಯವರು ಹೇಳಿದ್ದಾರೆ. ಜುಂಜೇಶ್‌ನ ಪಾಲಿಗಿರುವ ಒಂದೇ ಸಾಕ್ಷಿಯನ್ನು ಇವರ ಕೈಯೇ ದಿನವೂ ಉಜ್ಜಿ ತೆಗೆಯುತ್ತಿದೆ. ನಿಮ್ಮ ಹೆಸರು ಮರೆಮಾಚಿ ಬರೆಯಲೇ ಎಂದರೆ ಬೇಡ ಎನ್ನುತ್ತಾರೆ.

ಏಣಿ ತೆಗೆಯುವಾಗ ದನಿ ತಗ್ಗಿಸುತ್ತಾರೆ. "ಬಲಗಿವಿ ಹಿಂದೆ ಮಾತ್ರ ಉಜ್ಜಿಲ್ಲ. ವಾಸನೆ ಹೋಗೋದ್ರೊಳಗೆ ಠಾಣೆ ಸಾಹೇಬ್ರು ಒಂದು ಸಲ ಹತ್ತಿ ನೋಡ್ಲಿ. ಏಣಿ ನಾನು ಹಿಡ್ಕೊಂಡಿರ್ತೀನಿ."