ಮೇಷ್ಟ್ರ ‘ಆದ್ರೆ’

ಮೊನ್ನೆ ಬೀರು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಬೇರೆಯವರಿಗೆ ಆ ವಾಸನೆಯಿಂದ ಹಳೆಯ ಸೀರೆ, ಮದುವೆ ಮನೆ ನೆನಪಾಗುತ್ತವೇನೋ. ನನಗೆ ನೆನಪಾಗುವವರು ಮೇಷ್ಟ್ರು. ನಲವತ್ತು ವರ್ಷ ಕಳೆದರೂ, ನೆನಪಾದ ಕೂಡಲೇ ರೇಗುತ್ತದೆ...

ರಾಮನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಶಾಲೆಯಲ್ಲಿ ಹೆಡ್‌ಮೇಷ್ಟ್ರು, ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸಿ ನಮಗೆ ಹಾಡು ಕಲಿಸುವವರು. ಹಾಡಿಗೆ ಮೊದಲು ಅರ್ಧ ಗಂಟೆ ದೀನತೆಯ ಮೇಲೆ ಉಪದೇಶ. ದೀನತೆಯ ಬಗ್ಗೆ ಅಷ್ಟು ಜಂಬದಿಂದ ಮಾತಾಡಿದವರನ್ನು ನಾನು ಮತ್ತೆ ಕಂಡಿಲ್ಲ. ಶ್ರುತಿ ತಪ್ಪಿದರೆ ನಮ್ಮ ತಪ್ಪು. ಹಾರ್ಮೋನಿಯಂ ತಪ್ಪಿದರೂ ನಮ್ಮದೇ ತಪ್ಪು. ನನಗಾಗ ಹತ್ತೊಂಬತ್ತು. ವಾರವೆಲ್ಲ ರೇಷ್ಮೆ ನೂಲು ತೆಗೆಯುವ ಕೆಲಸ, ಭಾನುವಾರ ಹಾಡು. ಒಬ್ಬಳೇ ಹಾಡುವ ಭಾಗವನ್ನು ಅವರು ನನಗೇ ಕೊಡುತ್ತಿದ್ದರು, ಸುಳ್ಳು ಹೇಳಬಾರದು.

ನನ್ನ ಅವ್ವ ಚರ್ಚು ಗುಡಿಸಿ, ಬಲಿಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುತ್ತಿದ್ದಳು. ಒಮ್ಮೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ಭಾನುವಾರ, ಹಬ್ಬಗಳಿಗೆ ಮಾತ್ರ ಹಾಸುತ್ತಿದ್ದ ರೇಷ್ಮೆ ವಸ್ತ್ರ ಕಾಣೆಯಾಗಿದೆ ಎಂದು ಗೊತ್ತಾಯಿತು. ಪೂಜೆ ಮುಗಿದು ಜನ ಇನ್ನೂ ಅಂಗಳದಲ್ಲೇ ಇದ್ದರು. ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಅವ್ವನನ್ನು ಕೇಳಿದರು: “ವಸ್ತ್ರದ ಪೆಟ್ಟಿಗೆ ಬೀಗದ ಕೈ ಇರೋದು ನಿನ್ನೊಬ್ಬಳ ಹತ್ರಾನೇ ಅಲ್ವೇನಮ್ಮ?”

ಅಷ್ಟೇ. ಕದ್ದೆ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಅವ್ವ ಸೊಂಟದಿಂದ ಬೀಗದ ಕೈ ಬಿಚ್ಚಿ ಪಾದ್ರಿ ಸ್ವಾಮಿಗಳ ಕೈಗಿಟ್ಟು ಮನೆಗೆ ನಡೆದಳು. ನಾನು ಅವತ್ತಿಗೇ ಹಾಡು ಬಿಟ್ಟೆ.

ಎರಡು ವಾರದ ಮೇಲೆ ಮೇಷ್ಟ್ರ ಹೆಂಡತಿ ಗಂಡನ ಟ್ರಂಕು ತೆರೆದರೆ, ನುಸಿಗುಳಿಗೆಗಳ ನಡುವೆ ಆ ವಸ್ತ್ರ! ಕ್ರಿಸ್ಮಸ್ ಮುಗಿದ ಮೇಲೆ ಇಲಿ ಕಾಟವೆಂದು ಮೇಷ್ಟ್ರೇ ಬಲಿಪೀಠದಿಂದ ನೇರವಾಗಿ ತಂದಿಟ್ಟು ಮರೆತಿದ್ದರು.

ಅವತ್ತೇ ನಮ್ಮ ಮನೆಗೆ ಬಂದರು. “ತಪ್ಪಾಯ್ತಮ್ಮ. ಆದ್ರೆ ಬೀಗದ ಕೈ ನಿನ್ನ ಹತ್ರ ಇತ್ತಲ್ಲ, ಯಾರಾದ್ರೂ ಹಂಗೇ ಅನ್ಕೊಳ್ಳೋರು.”

ಮುಂದಿನ ವಾರ ಮತ್ತೆ ಬಂದರು. “ಮನಸ್ಸಿಗೆ ಸಮಾಧಾನವೇ ಇಲ್ಲ. ತಪ್ಪಾಯ್ತು. ಆದ್ರೆ ನಾನು ಕಳ್ಳಿ ಅಂತ ಬಾಯ್ಬಿಟ್ಟು ಅಂದಿಲ್ಲ, ನೋಡು.”

ಅದರ ಮುಂದಿನ ವಾರ ಪಾಪನಿವೇದನೆ ಮಾಡಿಯೇ ಬಂದಿದ್ದರು. “ದೇವ್ರು ಕ್ಷಮಿಸಿದಾನೆ. ಆದ್ರೆ ನೀನಿನ್ನೂ ಮುಖ ಗಂಟು ಹಾಕ್ಕೊಂಡೇ ಇದ್ದೀಯ!”

ನನಗೆ ಪಿತ್ತ ನೆತ್ತಿಗೇರಿತು. ಅವ್ವ ಮಾತ್ರ ಅಕ್ಕಿ ಆರಿಸುತ್ತಲೇ ಹೇಳಿದಳು: “ಮೇಷ್ಟ್ರೇ, ಆ ‘ಆದ್ರೆ’ ಅನ್ನೋದ್ನ ನಿಮ್ಮನೇಲೇ ಬುಟ್ಟು ಬನ್ನಿ. ಅಲ್ಲೀಗಂಟ ಬರ್ಬ್ಯಾಡಿ. ಅಂದಿದ್ದು ಎಲ್ಲಾರ ಮುಂದೆ. ನನ್ನೊಬ್ಬಳ ಮುಂದೆ ತಪ್ಪಾಯ್ತು ಅಂದ್ರೆ ಏನ್ ಬಂತು?”

ಈಸ್ಟರಿಗೆ ಒಂದು ವಾರ ಮೊದಲು, ಗರಿಗಳ ಭಾನುವಾರ, ಅದೇ ಅಂಗಳದಲ್ಲಿ, ಮೇಷ್ಟ್ರು ಜನರನ್ನು ನಿಲ್ಲಿಸಿದರು. ಪೂಜೆಯಲ್ಲಿ ಹಿಡಿದಿದ್ದ ಗರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. “ವಸ್ತ್ರ ನನ್ನ ಮನೇಲೇ ಇತ್ತು. ಈ ತಾಯಿ ಮೇಲೆ ಅನುಮಾನ ಬರೋ ಹಂಗೆ ಮಾತಾಡ್ದೆ. ನಂದೇ ತಪ್ಪು.” ನಾನು ಆ ಇನ್ನೊಂದು ಪದಕ್ಕೆ ಕಾದೆ... ಬಾಯಿ ತೆರೆದರು, ಮುಚ್ಚಿದರು. ಬಗ್ಗಿ ಅವ್ವನ ಕಾಲು ಮುಟ್ಟಿದರು.

“ಅಯ್ಯೋ, ಎದ್ದೇಳಿ ಮೇಷ್ಟ್ರೇ! ಮನೇಗ್ ಬನ್ನಿ, ಒಸಿ ಕಾಪಿ ಕುಡ್ಕೊಂಡ್ ಹೋಗೀರಂತೆ,” ಎಂದಳು ಅವ್ವ.

ಅಷ್ಟು ವಾರಗಳ ಅವಮಾನ ಒಂದು ಲೋಟ ಕಾಫಿಗೆ ಮುಗಿಯಿತೇ! ಮೇಷ್ಟ್ರ ಮೇಲಿನ ಕೋಪದ ಜೊತೆಗೆ ಅವ್ವನ ಮೇಲೂ ಕೋಪ ಬಂತು.

ಮೇಷ್ಟ್ರು ಹಾರ್ಮೋನಿಯಂ ಬೇರೆಯವರಿಗೆ ಒಪ್ಪಿಸಿ ಹಿಂದಿನ ಸಾಲಿನಲ್ಲಿ ಕೂರತೊಡಗಿದರು. ಉಪದೇಶ ನಿಂತಿತು. ಶನಿವಾರ ಅವ್ವನ ಜೊತೆ ಪೊರಕೆ ಹಿಡಿದು ಅಂಗಳ ಗುಡಿಸಲು ಬರುತ್ತಿದ್ದರು. “ಅವ್ರು ಗುಡಿಸಿದ ಮ್ಯಾಕೆ ನಾನ್ ಇನ್ನೊಂದ್ ಸಲ ಗುಡಿಸ್ಬೇಕು ಕಣೇ,” ಎಂದು ಅವ್ವ ತಲೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ನಲ್ಲಿಯ ಬಳಿ ನನ್ನನ್ನು ಕಂಡು ನಿಂತರು. “ನಿನಗೂ ನೋವು ಮಾಡ್ದೆ ಕಣವ್ವಾ. ಕ್ಷಮಿಸು. ನಾನು ಹಾಡಿನ ಕಡೆ ಬರಲ್ಲ, ನೀನ್ ಹೋಗಿ ಹಾಡು.”

ನಾನು ಕೊಡ ಎತ್ತಿಕೊಂಡು ನಡೆದೆ. ಆಮೇಲೂ ಎದುರಾದಾಗಲೆಲ್ಲ ಅವರು ನಗುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ. ಮದುವೆಯಾಗಿ ಕನಕಪುರಕ್ಕೆ ಹೋದೆ. ಅವರು ತೀರಿಕೊಂಡ ಸುದ್ದಿ ತಿಳಿದು ಬರುವಷ್ಟರಲ್ಲಿ ಮಣ್ಣಾಗಿತ್ತು...

ನಿನ್ನೆ ರಾಮನಗರದ ಅದೇ ಚರ್ಚಿಗೆ ಹೋಗಿ, ಪಾಪನಿವೇದನೆಯಲ್ಲಿ ಇದನ್ನೆಲ್ಲ ಹೇಳಿದೆ. ಈಗಿನ ಸ್ವಾಮಿಗಳು ಚಿಕ್ಕ ವಯಸ್ಸಿನವರು. “ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?” ಎಂದರು.

“ತಪ್ಪು ಮಾಡಿದ್ದು ಅವ್ರು ಅಂತ್ಲೇ ಇದ್ದೆ, ಸ್ವಾಮಿ.”

ಎದೆ ಹಗುರಾಯಿತು, ನಿಜ. ನನ್ನ ‘ತಪ್ಪಾಯ್ತು’ ಕೇಳಬೇಕಾಗಿದ್ದವರು ಮಾತ್ರ ಇರಲಿಲ್ಲ. ಅಲ್ಲಿಂದ ಸಮಾಧಿಗಳ ಕಡೆ ನಡೆದೆ. ಬಿಸಿಲಿಗೆ ಕಾದ ಅವರ ಕಲ್ಲಿನ ಮುಂದೆ ನಿಂತು “ಮೇಷ್ಟ್ರೇ” ಅಂದೆ. ಮುಂದಿನ ಒಂದು ಮಾತು ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು.