ಫಟ್‌ಫಟಿಗೆ ಮುಸ್ಸಂಜೆ ದೀಪ

ಯುದ್ಧದ ಕಾಲ, ಸೀಮೆಎಣ್ಣೆ ಸಿಕ್ತಿರಲಿಲ್ಲ. ಕೊಪ್ಪದ ಗೌಡ್ರ ಫಟ್‌ಫಟಿ ಮೋಟಾರ್ ಸೈಕಲ್ ಬ್ಯಾಟ್ರಿನ ಮದ್ದೂರಿನ ನನ್ನ ಅಂಗಡೀಲಿ ಎಷ್ಟು ಸಲ ಚಾರ್ಜ್ ಮಾಡಿಕೊಟ್ರೂ ಮತ್ತೆ ಸತ್ತೋಗೋದು.

"ಇನ್ನೊಂದ್ಸಲ ಸತ್ರೆ ಮೈಸೂರು ಮೆಕ್ಯಾನಿಕ್ಕಿಗೆ ಕೊಟ್‌ಬುಡ್ತೀನಿ ಕಣ್ಲಾ" ಅಂದ್ರು ಗೌಡ್ರು.

ಮರ್ಯಾದೆ ಪ್ರಶ್ನೆ. ಅವತ್ತು ಬ್ಯಾಟ್ರಿ ಕೂರಿಸಿ, ಅವರ ಜಗಲಿ ಮೇಲೇ ಕಾವಲು ಕೂತೆ. ಮುಸ್ಸಂಜೆಗೆ ಗೌಡ್ರ ತಾಯಿ ಬಂದ್ರು. ಫಟ್‌ಫಟಿ ಲೈಟು ಹಾಕಿ, ಕೈಮುಗಿದು, ಒಳಕ್ಕೆ ಹೊರಟ್ರು.

"ಅವ್ವಾ, ಆರಿಸಲ್ವಾ?"

"ಮನೆಗೆ ಹಚ್ಚಿದ ದೀಪ ಯಾರಾನಾ ಆರಿಸ್ತಾರೇನ್ಲಾ? ಎಣ್ಣೆ ಇಲ್ದಿದ್ರೂ ಉರಿತದಲ್ಲ, ಉರೀಲಿ ಬುಡು."

ಬ್ಯಾಟ್ರಿ ರೋಗ ಸಿಕ್ತು! ಅಂಗಡೀಲಿ ನನಗೆ ಅಂತ ಇಟ್ಟಿದ್ದ ಸೀಮೆಎಣ್ಣೆ ತಂದು ಅವ್ವನ ಬುಡ್ಡಿ ದೀಪಕ್ಕೆ ಸುರಿದೆ. ಆಮೇಲೆ ಬ್ಯಾಟ್ರಿ ಸಾಯಲೇ ಇಲ್ಲ. ಆ ಸೀಮೇಲಿ ಇಂಥ ರೋಗ ಕಂಡುಹಿಡಿದ ಮೆಕ್ಯಾನಿಕ್ಕು ನಾನೊಬ್ಬನೇ ಅಂತ ಈಗ್ಲೂ ಎದೆ ಉಬ್ಬಿಸ್ತೀನಿ.

ಗೌಡ್ರು ಮಾತ್ರ ಊರಿಗೆಲ್ಲ, "ನಮ್ಮವ್ವ ದಿನಾ ಕೈಮುಗೀತಿದ್ಲಲ್ಲ, ಅದ್ಕೇ ಸರಿಹೋಯ್ತು" ಅಂತ ಹೇಳ್ಕೊಂಡು ಬಂದ್ರು.