ಗಂಟಲಿನ ಪೊರೆಗೆ ನಾನು ಬರೆದ ಸಂಖ್ಯೆ

ಐವತ್ತರ ದಶಕದ ಕೊನೆಯಲ್ಲಿ ನಾನು ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಗುಮಾಸ್ತನಾಗಿದ್ದೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಬಿ.ಎಸ್ಸಿ. ಓದಿದವನೆಂದು ರೋಗಗಳ ಪಟ್ಟಿಯ ಕೆಲಸ ನನ್ನ ಪಾಲಿಗೆ ಬಂದಿತ್ತು. ವೈದ್ಯರು ಕೇಸ್ ಶೀಟಿನಲ್ಲಿ ಬರೆದ ರೋಗಕ್ಕೆ ದಪ್ಪ ಪುಸ್ತಕದಲ್ಲಿ ಸಂಖ್ಯೆ ಹುಡುಕಬೇಕು, ರಿಜಿಸ್ಟರಿಗೆ ಏರಿಸಬೇಕು, ತಿಂಗಳ ಕೊನೆಗೆ ಬೆಂಗಳೂರಿಗೆ ವರದಿ ಕಳಿಸಬೇಕು.

ಆ ಪುಸ್ತಕವನ್ನು ಯಾರೂ ತೆರೆಯುತ್ತಿರಲಿಲ್ಲ. ನನ್ನ ಮೇಜಿನ ಮೇಲೆ ಒಂದು ರಟ್ಟು ಇತ್ತು. ಹೆಡ್ ಗುಮಾಸ್ತರು ಅದರ ಮೇಲೆ ಇಪ್ಪತ್ತೋ ಇಪ್ಪತ್ತೈದೋ ರೋಗಗಳ ಹೆಸರು, ಸಂಖ್ಯೆ ಬರೆದು ಅಂಟಿಸಿದ್ದರು. ಅಂಚಿಗೆಲ್ಲ ಎಲೆಅಡಿಕೆಯ ಕೆಂಪು ಕಲೆ. ಸತ್ತವರೆಲ್ಲ ಆ ರಟ್ಟಿನಲ್ಲಿದ್ದ ರೋಗದಿಂದಲೇ ಸಾಯಬೇಕಿತ್ತು. ಅದರಲ್ಲಿಲ್ಲದ ರೋಗ ಬರೆದರೆ ಬೆಂಗಳೂರಿನಿಂದ ವಿವರಣೆ ಕೇಳಿ ಕಾಗದ ಬರುತ್ತಿತ್ತು. ಎಳೆಮಕ್ಕಳಿಗೆ ಎರಡೇ ಸಾಲು: ಒಂದು ಅಶಕ್ತಿ, ಇನ್ನೊಂದು ಹಾಲು ಉಸಿರುನಾಳಕ್ಕೆ ಹೋಗಿ ಉಸಿರುಗಟ್ಟಿದ್ದು. ನಾನು ಒಂದು ಮಗುವಿಗೆ ಅದು, ಇನ್ನೊಂದಕ್ಕೆ ಇದು ಎಂದು ಬರೆಯುತ್ತಿದ್ದೆ. ವರದಿ ನೋಡಲು ಸಹಜವಾಗಿರಲಿ ಎಂದು. ಈಗ ಇದನ್ನು ಬರೆಯುವಾಗ ನನ್ನ ಬೆರಳುಗಳನ್ನು ನೋಡಲು ಹೇಸಿಗೆಯಾಗುತ್ತದೆ.

ಗೌರಿಬಿದನೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ಒಬ್ಬ ಹೆಣ್ಣುಮಗಳು ಒಂದೂವರೆ ತಿಂಗಳ ಕೂಸನ್ನು ತಂದಿದ್ದಳು. ಕೂಸು ಅತ್ತರೆ ಬಾಯಿ ಅಗಲವಾಗುತ್ತಿತ್ತು, ದನಿ ಬರುತ್ತಿರಲಿಲ್ಲ. ಉಸಿರು ಎಳೆದಾಗ ಮಾತ್ರ ಸೀಟಿಯಂಥ ಸದ್ದು. ಹೊಸದಾಗಿ ಬಂದಿದ್ದ ಡಾಕ್ಟರು ದೀಪವಿದ್ದ ಸಲಕರಣೆಯಿಂದ ಗಂಟಲೊಳಗೆ ನೋಡಿ, ಧ್ವನಿಪೆಟ್ಟಿಗೆಯಲ್ಲಿ ಹುಟ್ಟಿನಿಂದಲೇ ಪೊರೆ ಬೆಳೆದಿದೆ ಎಂದು ಬರೆದರು. ಪಕ್ಕದಲ್ಲಿ ಒಂದು ಚಿತ್ರವನ್ನೂ ಬಿಡಿಸಿದರು. ಬೆಂಗಳೂರಿಗೆ ಕರೆದೊಯ್ಯಲು ಹೇಳಿದರು. ಹೊರಡುವ ಮೊದಲೇ ಕೂಸು ತೀರಿಕೊಂಡಿತು. ಕೇಸ್ ಶೀಟ್ ನನ್ನ ಮೇಜಿಗೆ ಬಂತು. ರಟ್ಟಿನಲ್ಲಿ ಪೊರೆ ಇರಲಿಲ್ಲ. ಹಿಂದಿನ ಮಗುವಿಗೆ ಅಶಕ್ತಿ ಬರೆದಿದ್ದೆ. ಇದಕ್ಕೆ ಹಾಲು ಬರೆದೆ.

ಕೆಲವು ತಿಂಗಳ ಮೇಲೆ ಅವಳ ತಂದೆ ಬಂದರು. ಶಿಡ್ಲಘಟ್ಟದ ಕಡೆಯ ರೈತರು. ಟವೆಲನ್ನು ಕಂಕುಳಲ್ಲಿ ಇರುಕಿಕೊಂಡು ನಿಂತರು.

"ಸ್ವಾಮಿ, ನನ್ ಮಗಳ್ನ ವಾಪಸ್ ಕಳ್ಸವ್ರೆ. ಹಾಲ್ ಕುಡ್ಸೋಕ್ ಬರ್ದೆ ಮಗೂನ ಸಾಯಿಸ್ಬುಟ್ಳು ಅಂತವ್ರೆ. ಹುಟ್ಟಿನಿಂದ್ಲೇ ಪೊರೆ ಐತೆ ಅಂತ ಡಾಕ್ಟ್ರು ಅವತ್ತು ಹೇಳಿದ್ರು. ಅದನ್ನ ಒಂದ್ ಕಾಗ್ದದಲ್ಲಿ ಬರ್ಕೊಡಿ. ಬೇರೇನೂ ಬ್ಯಾಡ."

ರಿಜಿಸ್ಟರ್ ತೆಗೆದೆ. ನನ್ನದೇ ದುಂಡು ಅಕ್ಷರ. ಹೆಡ್ ಗುಮಾಸ್ತರ ಬಳಿಗೆ ಒಯ್ದೆ.

"ಆ ತಿಂಗಳ್ದು ಕಳ್ಸಾಗಿದೆ ಕಣಯ್ಯ. ಇದ್ದದ್ದನ್ನ ಇದ್ದ ಹಾಗೆ ನಕಲು ಮಾಡ್ಕೊಡು."

"ಇದ್ದದ್ದೇ ಸುಳ್ಳು ಸಾರ್."

"ಬರ್ದೋನು ಯಾರಪ್ಪ, ಬಿ.ಎಸ್ಸಿ.? ನಿನ್ ಸುಳ್ಳನ್ನ ನೀನೇ ನಕಲು ಮಾಡು." ಅವರು ನಕ್ಕರು. ಅಡಿಕೆ ಚೂರು ಹಲ್ಲಿಗೆ ಅಂಟಿತ್ತು.

ಡಾಕ್ಟರಿಗೆ ಅಷ್ಟರಲ್ಲಿ ಚಿಂತಾಮಣಿಗೆ ವರ್ಗವಾಗಿತ್ತು. ಕೇಸ್ ಶೀಟ್ ಹುಡುಕಲು ಔಷಧಿ ಕೋಣೆಗೆ ಹೋದೆ. ಹಳೆಯ ಕೇಸ್ ಶೀಟುಗಳನ್ನು ಕಾಂಪೌಂಡರು ಹರಿದು ಪುಡಿ ಕಟ್ಟಲು ಬಳಸುತ್ತಿದ್ದರು. ಒಬ್ಬರ ಕಾಯಿಲೆಯ ಹಾಳೆಯಲ್ಲಿ ಇನ್ನೊಬ್ಬರ ಔಷಧಿ ಪೊಟ್ಟಣವಾಗಿ ಮನೆಗೆ ಹೋಗುತ್ತಿತ್ತು. ಆ ಚಿತ್ರವಿದ್ದ ಅರ್ಧ ಹಾಳೆ ಪೊಟ್ಟಣಗಳ ನಡುವೆ ನನಗೆ ಸಿಕ್ಕಿತೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಅಂದಿನ ಡೈರಿಯಲ್ಲಿ ಇರುವುದು ಇಷ್ಟೇ: 'ಹುಡುಕಿದೆ. ಇಲ್ಲ.' ನನ್ನ ಪಾತ್ರ ಸ್ವಲ್ಪವಾದರೂ ಚೆನ್ನಾಗಿ ಕಾಣಲೆಂದು ಅರ್ಧ ಹಾಳೆಯನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು.

ನಕಲು ಮಾಡಿದೆ, ಮೊಹರು ಒತ್ತಿಸಿದೆ. ಇಂಗ್ಲಿಷಿನಲ್ಲಿತ್ತು.

"ಏನ್ ಬರ್ದೈತೆ ಸ್ವಾಮಿ?"

"ಹುಟ್ಟಿನಿಂದ ಗಂಟಲಲ್ಲಿ ಪೊರೆ ಅಂತ," ಎಂದೆ.

ಅವರು ಕಾಗದವನ್ನು ಕಣ್ಣಿಗೆ ಒತ್ತಿಕೊಂಡರು. ನಾನು ತಡೆಯಲಿಲ್ಲ. ಯಾರಿಗೂ ಓದಲು ಬರಲಾರದು ಎಂದುಕೊಂಡೆನೋ, ಆ ಕ್ಷಣ ಮುಗಿದರೆ ಸಾಕೆನಿಸಿತೋ, ಈಗಲೂ ಖಚಿತವಿಲ್ಲ.

ಬೀಗರ ಊರಿನಲ್ಲಿ ಒಬ್ಬರು ಮೇಷ್ಟರಿದ್ದರು. ಪಂಚಾಯ್ತಿಯ ಮುಂದೆ ಅವರು ಕಾಗದ ಓದಿ, ಹಾಲಿನಿಂದ ಉಸಿರುಗಟ್ಟಿದ್ದು ಎಂದು ಅರ್ಥ ಹೇಳಿದರಂತೆ. ಅವಳ ತಂದೆ ಮತ್ತೆ ಬಂದು ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು.

"ಕೊಡಲ್ಲ ಅಂತಾದ್ರೂ ಅಂದಿದ್ರೆ ಸುಮ್ನೆ ಹೋಗ್ತಿದ್ನಲ್ಲಪ್ಪ. ಆಸ್ಪತ್ರೆಯೋರೇ ಮೊಹರ್ ಒತ್ತವ್ರೆ ಅಂತ ನಾನೇ ಎತ್ತಿ ತೋರಿಸ್ದೆ."

ಬೈದಿದ್ದರೆ ವಾಸಿಯಿತ್ತು. ಅಂದೇ ಡಾಕ್ಟರಿಗೆ ಪತ್ರ ಬರೆದೆ. ಅಂದೇ ಎಂದು ಡೈರಿಯಲ್ಲಿದೆ. ಮೊದಲ ದಿನವೇ ಬರೆಯಬಹುದಿತ್ತೆಂದು ಅದರಲ್ಲಿಲ್ಲ. ವಾರದೊಳಗೆ ಅವರ ಸಹಿಯ ಕಾಗದ ಬಂತು, ಅವರ ಸ್ವಂತ ಟಿಪ್ಪಣಿಯಿಂದ ಬಿಡಿಸಿದ ಚಿತ್ರದ ಸಮೇತ. ಅಷ್ಟು ಸುಲಭವಿತ್ತು.

ಭಾನುವಾರ ಬಸ್ಸು ಹತ್ತಿ ಆ ರೈತರ ಹಳ್ಳಿಗೆ ಹೋದೆ. ಅವರ ಮಗಳು ಜಗಲಿಯಲ್ಲಿ ಕೂತು ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಗಂಡನಿಗೆ ಆಗಲೇ ಬೇರೆ ಹೆಣ್ಣು ಗೊತ್ತುಮಾಡಿದ್ದರು. ನಾನು ಕಾಗದ ಚಾಚಿದೆ. ಅವಳು ಕೈ ಒರೆಸಿಕೊಳ್ಳಲಿಲ್ಲ, ತೆಗೆದುಕೊಳ್ಳಲೂ ಇಲ್ಲ.

"ಓದಿ," ಎಂದಳು. "ಇದ್ದದ್ದನ್ನ ಓದಿ."

ಓದಿದೆ. ಚಿತ್ರ ತೋರಿಸಿ ಪೊರೆ ಎಲ್ಲಿತ್ತೆಂದು ಹೇಳಿದೆ.

"ಹೊಟ್ಟೇಲಿದ್ದಾಗ್ಲೇ ಇತ್ತಾ?"

"ಹೌದಮ್ಮ."

"ನಾನ್ ಹಾಲ್ ಕೊಟ್ಟಿದ್ದಕ್ಕಲ್ಲ?"

"ಅಲ್ಲ."

ಅವಳು ಮತ್ತೆ ಸೊಪ್ಪು ಹೆಚ್ಚತೊಡಗಿದಳು. ಅದುವರೆಗೆ ಅವಳೂ ಅದನ್ನು ನಂಬಿದ್ದಳೆಂದು ನನಗೆ ಆಗ ತಿಳಿಯಿತು. ಪಂಚಾಯ್ತಿ, ಗಂಡ, ಅತ್ತೆಯ ಮಾತಷ್ಟೇ ಅಲ್ಲ, ನನ್ನ ದುಂಡು ಅಕ್ಷರ ಅವಳ ಎದೆಯ ಹಾಲಿನವರೆಗೂ ಹೋಗಿತ್ತು.

ಅವಳ ತಾಯಿ ಕಾಫಿ ತಂದಿಟ್ಟರು. ಕುಡಿದೆ. ಆ ದಿನದ ಡೈರಿಯಲ್ಲಿ ಕಾಫಿಯ ಮಾತಿಲ್ಲ, ಬಸ್ಸು ತಡವಾಯಿತೆಂದು ಮಾತ್ರ ಇದೆ.